ಇಬ್ಬರೂ ಸೇರಿ ಬೈಯಲಿಕ್ಕೆ ಒಬ್ಬ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಧಾನ ಕೇಂದ್ರದ ಮೂರನೇ ಕೋಣೆಯಲ್ಲಿ ಒಬ್ಬರು ಮಂಡಿಯೂರಿ ಕುರ್ಚಿಯ ಕಾಲಿನ ತಿರುಪು ಸಡಿಲಿಸುತ್ತಿದ್ದಾರೆ. ಎದ್ದು, ಅದರ ಮೇಲೆ ಕೂತು, ಎಡಕ್ಕೂ ಬಲಕ್ಕೂ ವಾಲಿ ನೋಡುತ್ತಾರೆ. ಕುರ್ಚಿ ಕಿರ್ರೆನ್ನುತ್ತದೆ. ಸಾಲದೆನಿಸಿ ಇನ್ನೊಂದು ಸುತ್ತು ತಿರುಗಿಸುತ್ತಾರೆ. ಈಗಿನ ಸದ್ದಿಗೆ ಕೇಳಿದವರ ಹಲ್ಲು ಜುಮ್ಮೆನ್ನಬೇಕು. "ಹಾಂ, ಈಗ ಸರಿಹೋಯ್ತು" ಎಂದು ಮೊಣಕಾಲು ಕೊಡವಿಕೊಳ್ಳುತ್ತಾರೆ.

ಕೆಡಿಸಿದ್ದು ತಮ್ಮ ಕುರ್ಚಿಯನ್ನೇ. ಜಗಳ ತಂದವರು ಕೂರುವ ಎರಡು ಕುರ್ಚಿಗಳು ಗಟ್ಟಿಮುಟ್ಟಾಗಿವೆ, ಮೆತ್ತೆಯೂ ಇದೆ. ಆಮೇಲೆ ಮನೆಯಿಂದ ತಂದ ಫ್ಲಾಸ್ಕ್ ತೆರೆದು ಚಹಾ ರುಚಿ ನೋಡುತ್ತಾರೆ. ಸಕ್ಕರೆಯಿಲ್ಲ, ಕುದಿದು ಕುದಿದು ಕಷಾಯವಾಗಿದೆ. ಮುಖ ಕಿವುಚಿಕೊಂಡು, ತೃಪ್ತಿಯಿಂದ ಮುಚ್ಚಳ ಹಾಕುತ್ತಾರೆ. "ವರ್ಷಗಟ್ಟಲೆ ಒಂದು ಮಾತಿಗೂ ಒಪ್ಪದವರು ಈ ಚಹಾ ಕುಡಿದು ಒಟ್ಟಿಗೆ ಮುಖ ಹಿಂಡ್ತಾರೆ. ಅಲ್ಲಿಂದ ಶುರು ನೋಡಿ."

ಕೇಂದ್ರದಲ್ಲಿ ಎಲ್ಲರೂ ಇವರನ್ನು ರೆಫ್ರಿ ಎನ್ನುತ್ತಾರೆ, ಎದುರಿಗೂ ಹಿಂದಿನಿಂದಲೂ. ವಯಸ್ಸು ಅರವತ್ತು ದಾಟಿದೆ. ಕೋರ್ಟು ಕಳಿಸುವ ವ್ಯಾಜ್ಯಗಳನ್ನು ಮಾತಿನಲ್ಲೇ ಬಗೆಹರಿಸುವುದು ಕೆಲಸ. ದಿನಕ್ಕೆ ಮೂರು ಕೂಟ, ಕೂಟಕ್ಕಿಷ್ಟು ಎಂದು ಕೂಲಿ. ಪಾರ್ಕಿಂಗ್ ಕಾಯುವವನು ತನಗೆ ಇದಕ್ಕಿಂತ ಹೆಚ್ಚು ಬರುತ್ತದೆಂದು ಒಮ್ಮೆ ಲೆಕ್ಕ ಹೇಳಿ ಇವರನ್ನು ಸಮಾಧಾನಪಡಿಸಿದ್ದಾನಂತೆ. ಹದಿನಾಲ್ಕು ವರ್ಷದಿಂದ ಇದೇ ಕೋಣೆ. ಇವತ್ತು ಸಂಜೆ ಐದಕ್ಕೆ ನಿರ್ದೇಶಕಿಯ ಕೋಣೆಗೆ ಹೋಗಿ, ತಮ್ಮ ಮೇಲೆ ಬಂದಿರುವ ದೂರಿಗೆ ಸಮಜಾಯಿಷಿ ಹೇಳಬೇಕು. ಹೇಳದಿದ್ದರೆ ನಾಳೆಯಿಂದ ಸಂಧಾನಕಾರರ ಪಟ್ಟಿಯಲ್ಲಿ ಹೆಸರಿಲ್ಲ.

ಈ ಕೇಂದ್ರದಲ್ಲಿ ಸಂಧಾನ ಮಾಡಿಸುವವರು ಮೂವರು, ಮೂವರೂ ಬೇರೆ ಬೇರೆ ಬೆಂಕಿಯಲ್ಲಿ ಬೆಂದವರು. ಮೊದಲ ಕೋಣೆಯಲ್ಲಿ ನಿವೃತ್ತ ಜಡ್ಜ್ ಸಾಹೇಬರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆಂದರೆ ಎರಡೂ ಕಡೆಯ ವಕೀಲರು ನೆಟ್ಟಗೆ ಕೂರುತ್ತಾರೆ. ಕೋರ್ಟಿಗೆ ಹೋದರೆ ಏನಾಗಬಹುದು ಎಂದು ನಯವಾಗಿ ಹೆದರಿಸಿ ದಾರಿಗೆ ತರುವುದು ಅವರ ಶೈಲಿ. ಎರಡನೆಯ ಕೋಣೆಯ ಮೇಡಂ ಮನಶ್ಶಾಸ್ತ್ರ ಓದಿದವರು. ಅವರ ಮೇಜಿನ ಮೇಲೆ ಸದಾ ಒಂದು ಡಬ್ಬಿ ಟಿಶ್ಯೂ. ಅಳಿಸುತ್ತಾರೆ, ಅತ್ತವರು ಹಗುರಾಗುತ್ತಾರೆ. ಬೇರೆಯಾಗುವ ಗಂಡಹೆಂಡಿರ ನಡುವೆ ಮಗು ಸಿಕ್ಕಿಹಾಕಿಕೊಂಡಿದ್ದರೆ ಆ ಪ್ರಕರಣ ಈ ಮೇಡಂಗೇ ಹೋಗಬೇಕೆಂದು ರೆಫ್ರಿಯೇ ಹಟ ಹಿಡಿಯುತ್ತಾರೆ. "ಮಕ್ಕಳಿರೋ ಕಡೆ ನನ್ನ ಆಟ ನಡೆಯಲ್ಲ. ಅಲ್ಲಿ ನಗೋದಕ್ಕೆ ಏನೂ ಇರಲ್ಲ."

ಆ ಎರಡು ಕೋಣೆಗಳಿಗೆ ಹಣ್ಣಿನ ಬುಟ್ಟಿ ಬರುತ್ತದೆ, ಮದುವೆಯ ಕರೆಯೋಲೆ ಬರುತ್ತದೆ. ಮೂರನೇ ಕೋಣೆಗೆ ಬರುವುದು ಬೈಗುಳ. ಅಲ್ಲಿಂದ ರಾಜಿಯಾಗಿ ಹೋದವರು ಬೀದಿಯಲ್ಲಿ ರೆಫ್ರಿಯನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ನಡೆಯುತ್ತಾರೆ. ಅವರು ಮತ್ತೆಂದೂ ವ್ಯಾಜ್ಯ ಹೊತ್ತು ಕೇಂದ್ರಕ್ಕೆ ಬಂದದ್ದಿಲ್ಲ ಎಂಬುದನ್ನು ಯಾರೂ ಗಮನಿಸಿದಂತಿಲ್ಲ. "ಯಾಕೆ ಬರ್ತಾರೆ?" ಎನ್ನುತ್ತಾರೆ ರೆಫ್ರಿ. "ಬಂದ್ರೆ ಮತ್ತೆ ಈ ಮುಖ ನೋಡ್ಬೇಕಲ್ಲ."

ಹೆಸರು ಸುಮ್ಮನೆ ಬಂದದ್ದಲ್ಲ. ವಾರವಿಡೀ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ದುಡಿದು, ಭಾನುವಾರ ಫುಟ್‌ಬಾಲ್ ಪಂದ್ಯಗಳಿಗೆ ಸೀಟಿ ಊದುತ್ತಿದ್ದವರು. ಎಡಹುಬ್ಬಿನ ಮೇಲೆ ಕಲ್ಲೇಟಿನ ಗುರುತಿದೆ. "ಯಾವ ಟೀಮಿನವರು ಎಸೆದಿದ್ದೋ ಇವತ್ತಿಗೂ ಗೊತ್ತಿಲ್ಲ. ಎರಡೂ ಕಡೆಯವರು ನಾವೇ ಅಂತ ಹೇಳ್ಕೊಂಡು ಓಡಾಡಿದ್ರು." ಅವತ್ತು ತಲೆಗೆ ಬಟ್ಟೆ ಸುತ್ತಿಕೊಂಡು ಮೈದಾನದಂಚಿನಲ್ಲಿ ಕೂತಿದ್ದಾಗ ಅವರು ಒಂದು ದೃಶ್ಯ ಕಂಡರು. ಹತ್ತು ನಿಮಿಷದ ಹಿಂದೆ ಪರಸ್ಪರ ಕೊರಳಪಟ್ಟಿ ಹಿಡಿದಿದ್ದ ಇಬ್ಬರು ನಾಯಕರು ಹೆಗಲ ಮೇಲೆ ಕೈಹಾಕಿಕೊಂಡು ಹೊರಟಿದ್ದರು, ರೆಫರಿಯನ್ನು ಬಾಯಿಗೆ ಬಂದಂತೆ ಬೈಯುತ್ತಾ. ಹುಬ್ಬಿನಿಂದ ರಕ್ತ ಇಳಿಯುತ್ತಿದ್ದವರಿಗೆ ಅದು ಬಹಳ ಚಂದ ಕಂಡಿತಂತೆ.

ಮುಂದೆ ಕಾರ್ಖಾನೆಯಲ್ಲಿ ಮುಷ್ಕರವಾದಾಗ ಮಧ್ಯಸ್ತಿಕೆಗೆ ಆಡಳಿತದವರು ಹೇಳಿದವರನ್ನು ಕಾರ್ಮಿಕರು ಒಪ್ಪಲಿಲ್ಲ, ಕಾರ್ಮಿಕರು ಹೇಳಿದವರನ್ನು ಆಡಳಿತ ಒಪ್ಪಲಿಲ್ಲ. ಕೊನೆಗೆ ಎರಡೂ ಕಡೆಯವರ ಬಾಯಲ್ಲಿ ಒಂದೇ ಹೆಸರು ಬಂತು. "ಅವನ ಮಾತು ಕೇಳಿದ್ರೆ ಯಾರ ಮರ್ಯಾದೆಯೂ ಹೋಗಲ್ಲ, ಯಾಕಂದ್ರೆ ಅವನಿಗೇ ಮರ್ಯಾದೆ ಇಲ್ಲ ಅಂದ್ರಂತೆ," ಎಂದು ರೆಫ್ರಿ ತಮ್ಮ ವೃತ್ತಿಜೀವನದ ಆರಂಭವನ್ನು ವಿವರಿಸುತ್ತಾರೆ.

ಮನೆಯಲ್ಲಿ ಇದರ ಬೆಲೆ ತೆತ್ತವರು ಅವರ ಹೆಂಡತಿ. "ಈ ಬೀದಿಯಲ್ಲಿ ನಾಲ್ಕು ಮನೆಯ ಗೋಡೆ ಜಗಳ ಇವರೇ ಬಿಡಿಸಿದ್ದು. ನಾಲ್ಕು ಮನೆಯವರೂ ಈಗ ಅಣ್ಣತಮ್ಮಂದಿರ ಥರ ಇದ್ದಾರೆ. ಮನೆಯಲ್ಲಿ ಏನೇ ಸಮಾರಂಭ ಇದ್ರೂ ಒಬ್ಬರನ್ನೊಬ್ಬರು ಕರೀತಾರೆ. ನಮ್ಮನ್ನ ಬಿಟ್ಟು." ಗಂಡನತ್ತ ನೋಡುತ್ತಾರೆ. "ಹೊರಗಡೆ ಹೊಟ್ಟೆ ತುಂಬ ಬೈಸ್ಕೊಂಡು ಬರ್ತಾರೆ. ಇನ್ನು ನಾನು ಬೈದ್ರೆ ಎಲ್ಲಿಗೆ ಹಾಕ್ಕೋತಾರೆ ಹೇಳಿ."

ಈಗ ದೂರಿನ ವಿಷಯ. ಕೋಣೆಯಲ್ಲಿ ನಡೆದದ್ದನ್ನು ಸಂಧಾನಕಾರ ಯಾರಿಗೂ ಹೇಳಬಾರದು, ರೆಫ್ರಿ ಹೇಳಿಯೂ ಇಲ್ಲ. ಹೇಳುತ್ತಿರುವವರು ದೂರು ಕೊಟ್ಟವರೇ. ಅಂಗಡಿಗೆ ಬಂದ ಗಿರಾಕಿಗೆಲ್ಲ ಕೇಳದಿದ್ದರೂ ಹೇಳುತ್ತಾರೆ.

ಅವರು ಶರ್ಟು ಹೊಲಿಯುವ ಅಕ್ಕತಂಗಿ. ಅಪ್ಪ ಕಟ್ಟಿದ ಅಂಗಡಿ. ಕತ್ತರಿ ಅಕ್ಕನದು, ಮಶಿನ್ನು ತಂಗಿಯದು. ಒಬ್ಬ ಮದುಮಗನ ಶರ್ಟಿನ ತೋಳು ಎರಡು ಬೆರಳು ಗಿಡ್ಡವಾಯಿತು, ಮದುವೆಮನೆಯಿಂದ ಜನ ಬಂದು ಕೂಗಾಡಿದರು. ಕತ್ತರಿಸಿದ್ದೇ ತಪ್ಪು ಎಂದಳು ತಂಗಿ. ಹೊಲಿದದ್ದು ತಪ್ಪು ಎಂದಳು ಅಕ್ಕ. ತಂಗಿ ಮಶಿನ್ನು ಹೊತ್ತುಕೊಂಡು ಹೋಗಿ ಎದುರು ಸಾಲಿನಲ್ಲಿ ಅದೇ ಹೆಸರಿನ ಬೋರ್ಡು ಹಾಕಿದಳು. ನಾಲ್ಕು ವರ್ಷ ಒಂದೇ ಬೀದಿಯಲ್ಲಿ ಒಂದೇ ಹೆಸರಿನ ಎರಡು ಅಂಗಡಿ, ನಡುವೆ ಕೋರ್ಟು. ಅಕ್ಕ ಕತ್ತರಿಸಿದ್ದನ್ನು ಬೇರೆ ಯಾರೋ ಹೊಲಿದರು, ಬೇರೆ ಯಾರೋ ಕತ್ತರಿಸಿದ್ದನ್ನು ತಂಗಿ ಹೊಲಿದಳು. ಎರಡೂ ಕಡೆ ಶರ್ಟು ಕೆಟ್ಟಿತು, ಗಿರಾಕಿ ಕಡಿಮೆಯಾದರು.

ಸಂಧಾನದ ರೂಢಿಯಂತೆ ರೆಫ್ರಿ ಮೊದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡರು. "ನಿಮ್ಮ ತಂಗಿ ಹೊಲಿಗೆಯಲ್ಲಿ ತಪ್ಪೇನು ಹೇಳಿ ಅಂತ ಕೇಳಿದ್ರು," ಎನ್ನುತ್ತಾಳೆ ಅಕ್ಕ, ತಂಗಿ ನೂಲು ತರಲು ಹೋಗಿದ್ದಾಗ. "ಹುಡುಕಿದೆ. ಸಿಗಲಿಲ್ಲ. ಅವಳಿಗೆ ಹೇಳ್ಬೇಡಿ, ತಲೆ ಮೇಲೆ ಕೂರ್ತಾಳೆ." ಅಕ್ಕ ಊಟಕ್ಕೆ ಹೋದಾಗ ತಂಗಿಯೂ ಇಂಥದೇ ಗುಟ್ಟು ಹೇಳುತ್ತಾಳೆ, ಅಕ್ಕನ ಕತ್ತರಿಯ ಬಗ್ಗೆ. ಅವಳದೂ ಅದೇ ಷರತ್ತು.

ಒಟ್ಟಿಗೆ ಕೂತ ದಿನ ರೆಫ್ರಿ ಒಂದು ಗುಲಾಬಿ ಬಣ್ಣದ ರೆಡಿಮೇಡ್ ಶರ್ಟು ಹಾಕಿಕೊಂಡು ಬಂದರು. ಕುರ್ಚಿಯಲ್ಲಿ ಕಿರ್ರೆಂದು ಕೂತು, ಚಹಾ ಕುಡಿಸಿ, ಮಾತು ತೆಗೆದರು. "ಒಂದು ಬೋರ್ಡಿಗೆ ಯಾಕಮ್ಮ ಇಷ್ಟು ಜಗಳ? ಇನ್ನೆರಡು ವರ್ಷಕ್ಕೆ ಟೈಲರುಗಳೇ ಇರಲ್ಲ. ಎರಡೂ ಅಂಗಡಿ ಮುಚ್ಚಿ ಆರಾಮಾಗಿ ಮನೇಲಿರಿ. ಈ ಶರ್ಟು ನೋಡಿ, ಫ್ಯಾಕ್ಟರಿದು. ನಿಮ್ಮಪ್ಪನ ಕೈಯಲ್ಲೂ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ."

ಅಕ್ಕ ಗೋಡೆ ನೋಡುತ್ತಾ ಹೇಳಿದಳು: "ಆ ಭುಜ ನೋಡೇ."

ತಂಗಿ ಥಟ್ಟನೆ: "ಭುಜ ಬಿಡಕ್ಕಾ, ಕಾಲರ್ ನೋಡು. ನಾಯಿ ಕಿವಿ ಥರ ಜೋತುಬಿದ್ದಿದೆ."

"ಗುಂಡಿಪಟ್ಟಿ ನೋಡು, ಹಾವು ಹರಿದಂಗೆ."

"ಎದ್ದು ನಿಂತ್ಕೊಳ್ರೀ. ತಿರುಗಿ. ಅಯ್ಯೋ ಅಕ್ಕಾ, ಬೆನ್ನು ನೋಡೇ!"

ನಾಲ್ಕು ವರ್ಷದಲ್ಲಿ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತುಗಳು ಇವು. ರೆಫ್ರಿ ಗೊಂಬೆಯಂತೆ ತಿರುಗುತ್ತಾ, "ಯಾಕೆ, ಚೆನ್ನಾಗೇ ಇದೆಯಲ್ಲ?" ಎಂದು ಮಧ್ಯೆ ಮಧ್ಯೆ ಉಪ್ಪುಖಾರ ಹಾಕುತ್ತಾ ನಿಂತರು. ಎರಡು ವಾರದಲ್ಲಿ ರಾಜಿಯ ಕರಾರು ಸಿದ್ಧವಾಯಿತು: ಒಂದೇ ಅಂಗಡಿ, ಒಂದೇ ಬೋರ್ಡು. ಅದಕ್ಕೆ ಕೋರ್ಟಿನ ಮುದ್ರೆ ಬೀಳುವುದೊಂದೇ ಬಾಕಿ. ಅಷ್ಟರೊಳಗೆ ಅಕ್ಕತಂಗಿ ಸೇರಿ ಮಾಡಿದ ಮೊದಲ ಜಂಟಿ ಕೆಲಸ, ರೆಫ್ರಿಯ ಮೇಲೆ ದೂರು. ಕಸುಬನ್ನು ಕೀಳು ಮಾಡಿದರು, ಸತ್ತ ಅಪ್ಪನನ್ನು ಹಂಗಿಸಿದರು. ಎರಡೂ ನಿಜ.

ಈ ಲೇಖನಕ್ಕಾಗಿ ಮನೆಗೆ ಹೋಗಿ ಆ ಶರ್ಟಿನ ಬಗ್ಗೆ ಕೇಳಿದರೆ ರೆಫ್ರಿ ಚಾವಣಿ ನೋಡುತ್ತಾರೆ. ಉತ್ತರ ಬರುವುದು ಅಡುಗೆಮನೆಯಿಂದ, ಹೆಂಡತಿಯದು. "ಅದನ್ನ ನೆಲ ಒರೆಸೋಕೆ ಇಟ್ಟಿದ್ದೆ. ಅವತ್ತು ಬಕೆಟ್ಟಿನಿಂದ ತೆಗೆದು ಒಗೆದು ಇಸ್ತ್ರಿ ಮಾಡಿ ಹಾಕ್ಕೊಂಡ್ರು. ನಾನು ಇವರಿಗೆ ಬುದ್ಧಿ ಕೆಟ್ಟಿದೆ ಅಂದ್ಕೊಂಡೆ. ಬರ್ಕೊಳ್ಳಿ, ಪರವಾಗಿಲ್ಲ. ಈಗ ಮುದ್ರೆ ಬಿದ್ದಾಯ್ತಲ್ಲ."

ಆದರೆ ನಿರ್ದೇಶಕಿಯ ಕೋಣೆಗೆ ಹೋಗಬೇಕಿದ್ದ ಆ ಸಂಜೆ ಮುದ್ರೆ ಬಿದ್ದಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿದೆ. ಮೂರನೇ ಕೋಣೆಯ ಕಿಟಕಿಯಲ್ಲಿ ರೆಫ್ರಿ ನಿಂತಿದ್ದಾರೆ. ಗೇಟಿನೊಳಗೆ ಒಂದು ಸ್ಕೂಟರು ಬರುತ್ತದೆ. ತಂಗಿ ಓಡಿಸುತ್ತಿದ್ದಾಳೆ, ಹಿಂದೆ ಅಕ್ಕ, ತಂಗಿಯ ಹೆಗಲು ಹಿಡಿದು. ಮೊದಲ ಕೂಟಕ್ಕೆ ಇವರು ಒಂದೇ ಬಾಗಿಲಿನಿಂದ ಒಳಬರಲು ಒಪ್ಪಿರಲಿಲ್ಲ, ಒಬ್ಬಳು ಹಿಂಬಾಗಿಲು ಸುತ್ತಿ ಬಂದಿದ್ದಳು. ಉಬ್ಬು ದಾಟುವಾಗ ಅಕ್ಕ ಏನೋ ಗದರಿಸುತ್ತಾಳೆ, ತಂಗಿ ತಿರುಗಿ ಏನೋ ಅನ್ನುತ್ತಾಳೆ. ರೆಫ್ರಿ ಅದನ್ನು ಕೊನೆಯವರೆಗೂ ನೋಡುತ್ತಾರೆ, ಸ್ಟ್ಯಾಂಡ್ ಹಾಕುವವರೆಗೂ.

ನಿರ್ದೇಶಕಿ ಕೆಟ್ಟವರಲ್ಲ. ರೆಫ್ರಿಯ ಮಗಳ ವಯಸ್ಸಿನವರು, ಹೇಗಾದರೂ ಉಳಿಸಿಕೊಳ್ಳಬೇಕೆಂದೇ ಕರೆಸಿದವರು. ಅಕ್ಕತಂಗಿ ಎದುರಿಗೆ ಕೂತಿದ್ದಾರೆ. "ಸರ್, ಒಂದು ಮಾತು ಹೇಳಿಬಿಡಿ. ಬಾಯಿ ತಪ್ಪಿ ಬಂತು, ಕ್ಷಮಿಸಿ ಅಂದ್ರೂ ಸಾಕು. ಇಲ್ಲಿಗೇ ಮುಗಿಸ್ತೀನಿ," ಎನ್ನುತ್ತಾರೆ ನಿರ್ದೇಶಕಿ.

ರೆಫ್ರಿ ಇಬ್ಬರ ಮುಖವನ್ನೂ ನೋಡುತ್ತಾರೆ. ಇದೆಲ್ಲ ಬೇಕೆಂದೇ ಮಾಡಿದ್ದು ಎಂದರೆ ಸಹೋದರಿಯರಿಗೆ ತಾವು ಆಟದ ಕಾಯಿಗಳಾದೆವು ಎನಿಸುತ್ತದೆ, ಕರಾರು ಹರಿಯುತ್ತದೆ. ಕ್ಷಮೆ? ಅದರ ಲೆಕ್ಕವನ್ನು ಎಲ್ಲ ಮುಗಿದ ಮೇಲೆ, ಈಗ ಹೇಳುತ್ತಾರೆ: "ತಂಗಿ ಮೆತ್ತಗಿನವಳು, ಹೋಗ್ಲಿ ಬಿಡಕ್ಕಾ ಅಂತಾಳೆ. ಅಕ್ಕ ಬಿಡೋ ಪೈಕಿ ಅಲ್ಲ. ನೀನು ಯಾವಾಗಲೂ ಹೀಗೇ ಅಂತಾಳೆ. ಅಲ್ಲಿಗೆ ಮತ್ತೆ ಎರಡು ಪಾರ್ಟಿ ಆಯ್ತು."

ಹಾಗಾಗಿ ಗಂಟಲು ಸರಿಮಾಡಿಕೊಂಡು ಅಂದರು: "ದೂರು ಸರಿಯಾಗೇ ಇದೆ ಮೇಡಂ. ಈಗಲೂ ಅದೇ ಅಂತೀನಿ. ಟೈಲರ್ ಅಂಗಡಿ ಎಲ್ಲ ಇನ್ನೆಷ್ಟು ದಿನ?"

ಅಕ್ಕ ಎದ್ದುನಿಂತಳು. ಅವಳು ಬಾಯಿ ತೆರೆಯುವ ಮೊದಲೇ ತಂಗಿ ಕೈಹಿಡಿದೆಳೆದಳು. "ಬಾರಕ್ಕಾ. ಇಂಥವರ ಹತ್ರ ಏನು ಮಾತು." ಕೈ ಬಿಡದೆಯೇ ಇಬ್ಬರೂ ಮೆಟ್ಟಿಲಿಳಿದರು. ನಿರ್ದೇಶಕಿ ಪಟ್ಟಿ ತೆಗೆದು ರೆಫ್ರಿಯ ಹೆಸರಿನ ಮೇಲೆ ಗೆರೆ ಎಳೆದರು. "ನಿಮಗೆ ಏನಾಗಿದೆ ಸರ್?" ಎಂದಷ್ಟೇ ಕೇಳಿದರು. ಬೀಳ್ಕೊಡುಗೆ ಇರಲಿಲ್ಲ. ಹೊರಡುವ ಮುನ್ನ ರೆಫ್ರಿ ಮೂರನೇ ಕೋಣೆಗೆ ಹೋಗಿ ಕುರ್ಚಿಯ ತಿರುಪು ಬಿಗಿ ಮಾಡಿದರು. ಮುಂದೆ ಕೂರುವವರು ಬೀಳಬಾರದಲ್ಲ.

ಈಗ ಅವರ ಬೆಳಗುಗಳಿಗೆ ಕೆಲಸವಿಲ್ಲ. ಅಭ್ಯಾಸ ಬಿಡದೆ ನಸುಕಿಗೇ ಏಳುತ್ತಾರೆ, ಚಹಾ ಮಾಡುತ್ತಾರೆ, ಸಕ್ಕರೆ ಹಾಕುವುದನ್ನು ಮರೆಯುತ್ತಾರೆ. "ಒಂದೊಂದು ಸಲ ನಂಗೇ ಅನುಮಾನ," ಎನ್ನುತ್ತಾರೆ. "ಇಷ್ಟು ವರ್ಷ ದಡ್ಡನ ಥರ ಆಡಿದ್ನೋ, ಇಲ್ಲಾ ದಡ್ಡನೇ ಆಗಿದ್ದು ಅದಕ್ಕೇ ಯಾರೋ ಕೂಲಿ ಕೊಟ್ರೋ." ಹೆಂಡತಿ ಎದ್ದು ಸಕ್ಕರೆ ಡಬ್ಬಿ ತರುತ್ತಾರೆ.

ಅಕ್ಕತಂಗಿಯರ ಅಂಗಡಿಯಲ್ಲಿ ಈಗ ಗಿರಾಕಿಗಳು ಸರದಿ ನಿಲ್ಲುತ್ತಾರೆ. ಗುಲಾಬಿ ಶರ್ಟಿನ ಕತೆಯನ್ನು ಅಕ್ಕ ಶುರುಮಾಡಿದರೆ ತಂಗಿ ಮುಗಿಸುತ್ತಾಳೆ. ಆ ಅಂಗಡಿಯಿರುವ ಬೀದಿಯಲ್ಲಿ ರೆಫ್ರಿ ಹೋಗುವುದಿಲ್ಲ, ಹಿಂದಿನ ಗಲ್ಲಿಯಿಂದ ಬಳಸಿ ಹೋಗುತ್ತಾರೆ. ಏನಾದರೂ ಆಸೆಯಿದೆಯೇ ಎಂದರೆ ತಮ್ಮ ಸವೆದ ಕಾಲರ್ ಮುಟ್ಟಿಕೊಳ್ಳುತ್ತಾರೆ.

"ಅಕ್ಕ ಕತ್ತರಿಸಿ ತಂಗಿ ಹೊಲಿದ ಶರ್ಟು ಒಂದೇ ಒಂದು ಹಾಕ್ಕೋಬೇಕು ಅಂತಿದೆ. ಅಳತೆ ಕೊಡೋಕೆ ಹೋದ್ರೆ ಕತ್ತರಿ ಹಿಡ್ಕೊಂಡು ಅಟ್ಟಿಸ್ಕೊಂಡು ಬರ್ತಾರೆ." ಹುಬ್ಬಿನ ಗಾಯದ ಗುರುತು ತುರಿಸಿಕೊಳ್ಳುತ್ತಾರೆ. "ಬಂದ್ರೆ ಇಬ್ಬರೂ ಒಟ್ಟಿಗೇ ಬರ್ತಾರೆ, ಅದು ಬೇರೆ ಮಾತು."