ಕ್ಷೇಮ ವಿಚಾರಿಸಿ ವಿಚಾರಿಸಿ ಸುಸ್ತಾದ ಸರ್ವರ್

ತೊಡೆಯ ಮೇಲಿನ ಲ್ಯಾಪ್‌ಟಾಪು ಬಿಸಿಯಾಗಿ ಫ್ಯಾನು ಬುಸುಗುಡತೊಡಗಿದರೆ ಬೇರೆಯವರಿಗೆ ಏನು ನೆನಪಾಗುತ್ತದೋ, ನನಗಂತೂ ಸುಧಾ ಆಂಟಿ ನೆನಪಾಗುತ್ತಾರೆ. ಈ ಸಂಜೆ ಪಾಲೋ ಆಲ್ಟೋದ ಲೈಬ್ರರಿಯಲ್ಲಿ ಕೂತಿದ್ದೇನೆ. ನನ್ನ ಲ್ಯಾಪ್‌ಟಾಪು ಹಾರಿಹೋದೀತೆಂದು ಪಕ್ಕದವರು ಕುರ್ಚಿ ಸರಿಸಿಕೊಂಡಿದ್ದಾರೆ. ಒಳ್ಳೆಯದೇ ಆಯಿತು, ನೀವು ಹತ್ತಿರ ಬನ್ನಿ.

ಆಂಟಿ ಧಾರವಾಡದವರು, ಇಲ್ಲೇ ಹತ್ತಿರದ ಓಕ್ಲ್ಯಾಂಡಿನಲ್ಲಿ ಡಾಕ್ಟರು. ಇಲ್ಲೇ ಹುಟ್ಟಿದ ನಮ್ಮಂಥವರಿಗೆ ಭಾನುವಾರ ಕನ್ನಡದ ಟೀಚರು. ನನ್ನ ಬಾಯಿಂದ 'ಳ' ಹೊರಡಿಸಿದವರು ಅವರೇ. ಅದೇನು ಸಣ್ಣ ಆಪರೇಷನ್ ಅಲ್ಲ.

ಕೆಲವು ವರ್ಷಗಳ ಹಿಂದೆ ಪಕ್ಕದ ಊರು ಹೇವರ್ಡ್‌ನ ಸಭಾಂಗಣದಲ್ಲಿ ನಮ್ಮ ಯುಗಾದಿ. ಆಂಟಿ ಮೊದಲ ಸಲ ವೇದಿಕೆಯಲ್ಲಿ ಹಾಡುವವರಿದ್ದರು. ಅವರಿಗೆ ಹಾಡು ಕಲಿಸಿದ ತಾಯಿ ಸೊಂಟ ಮುರಿದುಕೊಂಡು, ಧಾರವಾಡದಲ್ಲಿ ಬೆಳಗಿನ ಚಹಾ ಹಿಡಿದು, ಟಿವಿಯಲ್ಲಿ ನಮ್ಮ ನೇರಪ್ರಸಾರಕ್ಕೆ ಕಾಯುತ್ತಿದ್ದರು.

ಪ್ರಸಾರ ನಡೆಯುತ್ತಿದ್ದದ್ದು ಬಾಡಿಗೆಗೆ ಹಿಡಿದ ಒಂದು ಬಡಪಾಯಿ ಸರ್ವರ್ ಕಂಪ್ಯೂಟರಿನಿಂದ. ನಮ್ಮ ಯುಗಾದಿ ಕಮಿಟಿಯ ಅಂಕಲ್‌ಗಳೆಲ್ಲ ವಾರವಿಡೀ ದೊಡ್ಡ ದೊಡ್ಡ ಸರ್ವರುಗಳನ್ನು ಕಾಯುವವರು. ಹಾಗಾಗಿ ಅದರ ಆರೋಗ್ಯ ನೋಡಿಕೊಳ್ಳಲು ಒಬ್ಬೊಬ್ಬರೂ ತಮ್ಮದೊಂದು ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಮು, ಹಾಕಿದ್ದರು. ಪ್ರತಿ ಸ್ಕ್ರಿಪ್ಟೂ ಸೆಕೆಂಡಿಗೊಮ್ಮೆ 'ಹೇಗಿದ್ದೀಯಾ?' ಎನ್ನುತ್ತಿತ್ತು. ಮದುವೆಮನೆಯಲ್ಲಿ ಎಲ್ಲರೂ ಸುತ್ತ ನಿಂತು 'ಊಟ ಆಯ್ತಾ?' ಎನ್ನುತ್ತಿದ್ದರೆ ತುತ್ತು ಎತ್ತುವುದು ಹೇಗೆ? ರಿಹರ್ಸಲ್ಲಿನಲ್ಲಿ ಆಂಟಿಯ ಬಾಯಿ ಪರದೆಯ ಮೇಲೆ 'ಆ' ಎಂದು ತೆರೆದದ್ದು ಹಾಗೇ ನಿಂತುಬಿಟ್ಟಿತು.

ನನ್ನನ್ನು ಕರೆದದ್ದು ಕೇಬಲ್ಲು ಸುತ್ತಲಿಕ್ಕೆ. ನಾನು ಪ್ರೊಸೆಸರಿನ ಲೆಕ್ಕ ತೆಗೆದು ನೋಡಿದೆ.

"ಅಂಕಲ್, ನಿಮ್ಮ ಸ್ಕ್ರಿಪ್ಟುಗಳೇ ಸಿಪಿಯು ತಿಂತಿವೆ."

"ಮಾನಿಟರಿಂಗ್ ತೆಗೆದ್ರೆ ಪ್ರಾಬ್ಲಮ್ ಎಲ್ಲಿದೆ ಅಂತ ಹೆಂಗೆ ಗೊತ್ತಾಗುತ್ತೆ ಮರಿ?" ಎಂದರು ಕಮಿಟಿಯ ಮುಖ್ಯಸ್ಥರಾದ ರಮೇಶ್ ಅಂಕಲ್.

"ಮಾನಿಟರಿಂಗೇ ಪ್ರಾಬ್ಲಮ್ಮು."

"ಕಾಲೇಜಿಗೆ ಅಪ್ಲೈ ಮಾಡೋಕ್ ಮುಂಚೆನೇ ಸಾಫ್ಟ್‌ವೇರ್ ಆರ್ಕಿಟೆಕ್ಟ್ ಆಗ್ಬಿಟ್ಳು ನೋಡ್ರಿ," ಎಂದು ಇನ್ನೊಬ್ಬ ಅಂಕಲ್ ನಕ್ಕರು. "ನಂದು ತುಂಬಾ ಲೈಟು. ಬೇಕಿದ್ರೆ ರಮೇಶಂದು ತೆಗಿ."

ಇಳಕಲ್ ಸೀರೆಯ ನೆರಿಗೆ ಹಿಡಿದುಕೊಂಡು ಆಂಟಿ ಬಂದರು. "ಏನವಾ, ಏನ್ ಮಾಡ್ಬೇಕಂತಿ?"

ಆಗಿನ ಅಭ್ಯಾಸದಂತೆ ಇಂಗ್ಲಿಷಿನಲ್ಲೇ ಹೇಳಿದೆ. ಒಂದೇ ಸ್ಕ್ರಿಪ್ಟು ನಿಮಿಷಕ್ಕೊಮ್ಮೆ ಕೇಳಬೇಕು, ಉತ್ತರವನ್ನು ಒಂದು ಕಡೆ ಬರೆದಿಡಬೇಕು. ಉಳಿದವರು ಅದನ್ನೇ ಓದಿಕೊಳ್ಳಬೇಕು. ಪ್ರತಿ ಸಲವೂ ಸರ್ವರಿನ ದಿನಚರಿಯ ಹಳೆಯ ಪುರಾಣವನ್ನೆಲ್ಲ ಮೊದಲಿನಿಂದ ಓದುವ ಬದಲು ಹೊಸ ಸಾಲುಗಳನ್ನಷ್ಟೇ ನೋಡಿದರೆ ಸಾಕು.

"ಖಾತ್ರಿ ಅದ ಏನು?"

"ಯೆಸ್," ಎಂದೆ. ಬಾಯಲ್ಲಿದ್ದ ಯೆಸ್ಸು ಹೊಟ್ಟೆಯಲ್ಲಿರಲಿಲ್ಲ.

ಆಂಟಿ ತಿರುಗಿದರು. "ರಮೇಶ್ ಅವರ, ಹಾಡಾಕಿ ನಾನು. ಕೆಟ್ರ ನನ್ನ ಹಾಡು ಕೆಡ್ತದ. ಆಕಿಗೆ ಪಾಸ್‌ವರ್ಡ್ ಕೊಡ್ರಿ."

ಅಂಕಲ್‌ಗಳು ನನ್ನ ಕುರ್ಚಿಯ ಹಿಂದೆ ಶ್ರದ್ಧಾಂಜಲಿಗೆ ನಿಂತಂತೆ ನಿಂತರು. ಒಂದೊಂದೇ ಸ್ಕ್ರಿಪ್ಟು ಕಣ್ಣುಮುಚ್ಚಿತು. ತುಂಬಾ ಲೈಟು ಅಂದಿದ್ದರಲ್ಲ, ಅದು ಹೋದಾಗಲೇ ಪ್ರೊಸೆಸರಿನ ಭಾರ ಹೆಚ್ಚು ಇಳಿದದ್ದು. ಆ ಅಂಕಲ್ ಚಾವಣಿ ನೋಡಿದರು.

ಆಂಟಿ ಹಾಡಿದರು. ಹಾಡು ಮುಗಿದು ಅವರು ಕೆಳಗಿಳಿದದ್ದೇ ತಡ, ಧಾರವಾಡದಿಂದ ತಾಯಿಯ ಫೋನು.

"ಅಷ್ಟ್ಯಾಕ ಬಾಯಿ ತೆರೀತಿ? ದವಡಿ ಹಲ್ಲಿನಾಗಿನ ಸಿಮೆಂಟ್ ಸೈತ ಕಾಣ್ತು."

ಆಂಟಿ ನಗುತ್ತಲೇ ಅತ್ತರು. ನನ್ನ ಕೆಲಸಕ್ಕೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ನೂ ಸಿಕ್ಕಿಲ್ಲ.

ನಾನು ಜಾಣೆ ಎಂದು ಆಮೇಲೆ ಎಲ್ಲರೂ ಒಪ್ಪಿದರು. ಒಪ್ಪುವವರೆಗೆ ನಾನೂ ಬಿಡಲಿಲ್ಲ. ಆದರೆ ನಾನು ಸರಿಯೋ ತಪ್ಪೋ ನನಗೇ ಗೊತ್ತಿಲ್ಲದಿದ್ದಾಗ ತಮ್ಮ ಹಾಡನ್ನೇ ನನ್ನ ಕೈಗೆ ಕೊಟ್ಟವರು ಒಬ್ಬರೇ. ಆ ಋಣವನ್ನು ಯಾವ ಜಾಣತನದಿಂದಲೂ ತೀರಿಸಲಾರೆ.

ಧಾರವಾಡದಲ್ಲಿ ಈಗ ಬೆಳಗಾಗಿದೆ. ಇವತ್ತು ಆಂಟಿಯ ತಾಯಿ, ನಮ್ಮೆಲ್ಲರ ಅಜ್ಜಿಗೆ ಕಣ್ಣಿನ ಆಪರೇಷನ್, ಆಂಟಿ ಅಲ್ಲಿಗೇ ಹೋಗಿದ್ದಾರೆ. "ಅಜ್ಜಿ ಹೆಂಗಿದಾರೆ ಆಂಟಿ?" ಎಂದು ಕನ್ನಡದಲ್ಲೇ ಒಂದು ಸಲ ಮೆಸೇಜು ಹಾಕಿ, ಫೋನನ್ನು ಬೋರಲು ಹಾಕಿದ್ದೇನೆ. ಮತ್ತೆ ಕೇಳುವುದಿಲ್ಲ. ಆಂಟಿಯ ಕೈ ಅಮ್ಮನ ಕೈಯಲ್ಲಿರಲಿ.