ಬಕೆಟ್ಟಿನ ಗಂಗಮ್ಮ

ದುರ್ಗದ ಈಜುಕೊಳದಲ್ಲಿ ಹೆಂಗಸರಿಗೆಂದೇ ದಿನಕ್ಕೊಂದು ಗಂಟೆ ಬಿಟ್ಟುಕೊಡುತ್ತಾರಂತೆ ಎಂದು ಪಕ್ಕದ ಮನೆಯಾಕೆ ಹೇಳಿದಾಗ ಒಳಗೆ ಕುಕ್ಕರ್ ಕೂಗುತ್ತಿತ್ತು. ಕೂಗಲಿ ಎಂದು ಬಿಟ್ಟು ಬೀದಿಯಲ್ಲೇ ನಿಂತು ಪೂರಾ ಕೇಳಿಸಿಕೊಂಡೆ. ಆವತ್ತು ಬೇಳೆ ತಳ ಹಿಡಿಯಿತು. ಮನೆಯವರು ಗೊಣಗುತ್ತಲೇ ಉಂಡರು. ನನಗೆ ಮಾತ್ರ ಬಹಳ ದಿನದ ಮೇಲೆ ಊಟ ರುಚಿಸಿತು.

ಅಷ್ಟು ಖುಷಿಯಾಗಲು ಕಾರಣ ನನ್ನ ಮಗಳು. ನನ್ನ ತವರು ಐಮಂಗಲದಿಂದ ಒಳಗೆ ಹೋದರೆ ಸಿಗುವ ಒಂದು ಹಟ್ಟಿ. ನಮ್ಮದು ಕುರಿ ಕಾಯುವ ಮನೆತನ. ಅಣ್ಣ ಕುರಿಯನ್ನೂ ಬಿಟ್ಟಿಲ್ಲ, ಜೊತೆಗೆ ದಾಳಿಂಬೆಯನ್ನೂ ಹಾಕಿದ್ದಾನೆ. ದಾಳಿಂಬೆಗೆ ನೀರು ಬೇಕೆಂದು ಹೊಲದಲ್ಲಿ ಕೃಷಿಹೊಂಡ ತೋಡಿಸಿ, ನೀರು ಇಂಗದ ಹಾಗೆ ಒಳಗೆಲ್ಲ ಕರೀ ಪ್ಲಾಸ್ಟಿಕ್ ಹಾಳೆ ಹಾಸಿದ್ದಾನೆ. ಒದ್ದೆಯಾದ ಆ ಹಾಳೆಯ ಮೇಲೆ ಕಾಲಿಟ್ಟರೆ ಮುಗಿಯಿತು. ಜಾರಿದವರು ಹತ್ತಿ ಬರಲಾರರು, ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಅಣ್ಣ ಸುತ್ತ ತಂತಿಬೇಲಿ ಹಾಕಿಸಿದ್ದ, ನಿಜ. ಆದರೆ ಬೇಲಿಗೆ ಗೇಟು ಇದ್ದೇ ಇರುತ್ತದಲ್ಲ!

ರಜೆ ಬಂತೆಂದರೆ ಮಗಳು ಅಲ್ಲಿಗೆ ಹೋಗಬೇಕು. ಅಣ್ಣನ ಇಬ್ಬರು ಹೆಣ್ಣುಮಕ್ಕಳಿಗೂ ಇವಳು ಬೇಕು. ಅವಳು ಅಲ್ಲಿದ್ದಷ್ಟು ದಿನ ನಾನು ಇಲ್ಲಿ ಹೊತ್ತುಹೊತ್ತಿಗೆ ಫೋನು ಮಾಡುವುದು, ಅವರು ಎತ್ತದಿದ್ದರೆ ಎತ್ತುವವರೆಗೂ ಮತ್ತೆ ಮತ್ತೆ ಮಾಡುವುದು. ನಮ್ಮ ಕಡೆ ಗಂಡುಹುಡುಗರಿಗೆ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ನೂಕಿ ಈಜು ಕಲಿಸುತ್ತಿದ್ದರು. ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ದಡದಲ್ಲಿ ಕೂತು ಅವರ ಬಟ್ಟೆ ಕಾಯುವ ಕೆಲಸ. ನನಗೂ ಅಷ್ಟೇ ಬರುತ್ತಿತ್ತು. ಮಗಳಿಗೆ ಈಜು ಕಲಿಸುತ್ತೇನೆ ಎಂದು ಫೋನಿನಲ್ಲಿ ಹೇಳಿದರೆ ನಮ್ಮಮ್ಮ ನಕ್ಕುಬಿಟ್ಟಳು.

"ಹೆಣ್ಮಕ್ಳು ಈಜು ಕಲ್ತು ಯಾವ ಸಮುದ್ರ ದಾಟಬೇಕಾಗೈತೆ? ಸುಮ್ಕೆ ರೊಟ್ಟಿ ತಟ್ಟಾದು ಕಲ್ಸು."

"ರೊಟ್ಟಿ ತಟ್ಟಿದ್ರೆ ನಿನ್ ಮಗನ ಹೊಂಡದಾಗೆ ತೇಲ್ತಾಳೇನು?" ಎಂದು ಫೋನಿಟ್ಟೆ. ನನ್ನ ಬಾಯಿ ಮೊದಲಿಂದಲೂ ಸ್ವಲ್ಪ ಜೋರೇ.

ಮರುದಿನವೇ ಹೋಗಿ ಕೊಳದ ಮ್ಯಾನೇಜರನ್ನು ಕಂಡೆ. ಅವರು, "ಕುಂತ್ಕಳ್ರಿ" ಎಂದು ಕುರ್ಚಿ ತೋರಿಸಿ, "ನಾಕೈದು ಜನಕ್ಕೆಲ್ಲ ಒಂದು ಗಂಟೆ ಬಿಡಕ್ಕಾಗಲ್ಲ ಕಣಮ್ಮ. ನೀರು ಸೋಸಬೇಕು, ಔಷಧಿ ಹಾಕಬೇಕು, ಕಾಯಕ್ಕೆ ಜನ ಇಡಬೇಕು. ಕೊಳ ತುಂಬಾ ಜನ ಕರ್ಕಂಬರ್ರಿ, ನಡೆಸಾಣ" ಎಂದರು. ಹೇಳಿದ್ದು ನ್ಯಾಯವಾಗಿಯೇ ಇತ್ತು. ಮನೆ ನಲ್ಲಿಗೆ ನೀರು ಯಾವಾಗ ಬರುತ್ತದೋ ಎಂದು ಕೊಡ ಹಿಡಿದು ಕಾಯುವ ಊರಿನಲ್ಲಿ ಅಷ್ಟು ನೀರನ್ನು ತಿಳಿಯಾಗಿ ಇಟ್ಟುಕೊಳ್ಳುವುದೇನು ಸಣ್ಣ ಕೆಲಸವೇ?

ನಾನು ಮನೆಯಲ್ಲಿ ಬ್ಲೌಸ್ ಹೊಲಿಯುವವಳು. ಸಂಜೆ ಕೊಳದ ಪಕ್ಕದ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಹೆಂಗಸರಲ್ಲಿ ಅರ್ಧ ಜನರ ಅಳತೆ ನನಗೆ ಗೊತ್ತು. ಒಬ್ಬೊಬ್ಬರನ್ನೇ ಹಿಡಿದೆ. ಮಂಡಿನೋವಿನವರಿಗೆ ನೀರಲ್ಲಿ ನಡೆದರೆ ನೋವು ಕಡಿಮೆಯಾಗುತ್ತದೆ ಎಂದೆ. ನಾಚಿಕೊಂಡವರಿಗೆ ಒಳಗೆ ಗಂಡಸರ ನೆರಳೂ ಇರುವುದಿಲ್ಲ, ಕಲಿಸುವವಳೂ ಹೆಂಗಸೇ ಎಂದೆ. ಅದಕ್ಕೂ ಜಗ್ಗದವರಿಗೆ, "ಹಬ್ಬಕ್ಕೆ ಬ್ಲೌಸ್ ಬೇಕೋ ಬೇಡ್ವೋ?" ಎಂದೆ. ಬಂದರು! ಆದರೂ ಒಬ್ಬಿಬ್ಬರು ಕಡಿಮೆ ಬಿದ್ದಾಗ ಲೆಕ್ಕ ತುಂಬಲು ನನ್ನ ಹೆಸರನ್ನೂ ಸೇರಿಸಿದೆ. ಕಂಬಿ ಹಿಡಿದು ಆಳವಿಲ್ಲದ ಕಡೆ ನಿಂತಿದ್ದರಾಯಿತು ಎನ್ನುವುದು ನನ್ನ ಉಪಾಯ.

ಮೊದಲ ದಿನವೇ ಎಡವಟ್ಟಾಯಿತು. ಹೊಸ ನೀರಿಗಿಳಿಯುವ ಮುಂಚೆ ಗಂಗಮ್ಮನಿಗೆ ಪೂಜೆ ಮಾಡದೆ ಇರುತ್ತಾರೆಯೇ? ಬೇರೆಯವರಿಗೆ ನೆನಪಿರುತ್ತದೋ ಇಲ್ಲವೋ ಎಂದು ನಾನು ಅರಿಶಿನ, ಕುಂಕುಮ, ಒಂದು ಹಿಡಿ ಸೇವಂತಿಗೆ ತಂದಿದ್ದೆ. ಹೋಗಿ ನೋಡಿದರೆ ಪ್ರತಿಯೊಬ್ಬಳೂ ಹಾಗೇ ಎಣಿಸಿ ತಂದಿದ್ದಾಳೆ! ಕಲಿಸುವ ಮೇಡಂ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಎಲ್ಲರ ಅರಿಶಿನ, ಎಲ್ಲರ ಕುಂಕುಮ, ಎಲ್ಲರ ಹೂವೂ ನೀರಿಗೆ ಬಿದ್ದಾಗಿತ್ತು. ಒಬ್ಬಾಕೆ ಕಾಯಿಯನ್ನೂ ಒಡೆದಿದ್ದಳು. ನೆತ್ತಿಗೆ ಹರಳೆಣ್ಣೆ ಹಚ್ಚಿಕೊಂಡು ಬಂದು ಮುಳುಗಿದವರ ಎಣ್ಣೆ ಬೇರೆ ಮೇಲೆ ತೇಲುತ್ತಿತ್ತು. ನೀಲಿಯಾಗಿದ್ದ ನೀರು ಹುಳಿಸಾರಿನ ಬಣ್ಣಕ್ಕೆ ತಿರುಗಿತು. ಹೂವಿನ ಎಸಳು ಜಾಲರಿಗೆ ಸಿಕ್ಕಿ ನೀರು ಸೋಸುವ ಮೋಟಾರು ಗೊರಗೊರ ಎಂದು ನಿಂತೇಹೋಯಿತು.

ಸದ್ದು ಕೇಳಿ ಮ್ಯಾನೇಜರ್ ಬಾಗಿಲ ಹೊರಗಿನಿಂದಲೇ ಕೂಗಿದರು. ವಿಷಯ ಗೊತ್ತಾದದ್ದೇ ತಲೆ ಚಚ್ಚಿಕೊಂಡರು.

"ಏನ್ರಮ್ಮ ಇದು? ಇದೇನು ಪೂಜೆ ಮಾಡಿ ಹೂವು ಬಿಡೋ ಸಂತೆಹೊಂಡ ಅಂದ್ಕಂಡ್ರಾ? ನಾಳೆಯಿಂದ ಹೆಂಗಸ್ರ ಟೈಮೇ ಬೇಡ. ಮನೆಗೆ ಹೋಗ್ರಿ ಎಲ್ರೂ!"

ಮಗಳು ಇನ್ನೂ ಕೊಳಕ್ಕೆ ಕಾಲೂ ಇಟ್ಟಿರಲಿಲ್ಲ. ರಬ್ಬರ್ ಟೋಪಿ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಳು. ದಸರಾ ರಜೆ ಹತ್ತಿರದಲ್ಲಿತ್ತು, ನನ್ನ ಕಣ್ಣ ಮುಂದೆ ಬಂದದ್ದು ಆ ಕರೀ ಹಾಳೆ.

ಕಾಪಾಡಿದವರು ಕಲಿಸುವ ಮೇಡಂ. ಹೊಸದುರ್ಗದ ಕಡೆಯವರು, ಇಂಥದ್ದೆಲ್ಲ ಗೊತ್ತಿದ್ದವರು. "ಸಾರ್, ಇವ್ರು ಪೂಜೆ ಮಾಡ್ದೆ ನೀರಿಗಿಳಿಯಲ್ಲ, ನೀವು ಪೂಜೆ ಮಾಡಿದ್ರೆ ಇಳಿಸಲ್ಲ. ಒಂದು ಬಕೆಟ್ ನೀರು ತೆಗೆದು ಹೊರಗಿಡಾಣ. ಅದಕ್ಕೇ ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಪಾರ್ಕಿನ ಹೊಂಗೆ ಗಿಡಕ್ಕೆ ಹಾಕ್ಲಿ. ಗಂಗಮ್ಮ ಬಕೆಟ್ಟಲ್ಲಿದ್ರೂ ಗಂಗಮ್ಮನೇ ಅಲ್ವ?" ಎಂದರು. ನಾವೆಲ್ಲ ಹೂಂಗುಟ್ಟಿದೆವು. ಮ್ಯಾನೇಜರ್ ಮುಖ ಇನ್ನೂ ಗಂಟುಹಾಕಿಕೊಂಡೇ ಇತ್ತು. ಕೊಳ ಖಾಲಿ ಮಾಡಿಸಿದಾಗ ನಾವೇ ಸೀರೆ ಎತ್ತಿ ಕಟ್ಟಿ, ಒಳಗಿಳಿದು, ಬ್ರಷ್ ಹಿಡಿದು ನೆಲ ಗೋಡೆಯೆಲ್ಲ ತಿಕ್ಕಿದೆವು. ಅಂಗಳ ಸಾರಿಸಿ ಬೆಳೆದವರಿಗೆ ಅದೇನು ಮಹಾ! ಫಳಫಳ ಎನ್ನುವ ಕೊಳವನ್ನು ನೋಡಿ ಅವರಿಗೇ ನಗು ಬಂತು. "ಆಯ್ತು, ಬರ್ರಿ. ತಲೆಗೆ ಎಣ್ಣೆ ಹಚ್ಕಂಡು ಮಾತ್ರ ಬರಬೇಡ್ರಿ" ಎಂದರು. ಹೋದ ಜೀವ ಬಂದ ಹಾಗಾಯಿತು.

ಮಗಳು ಕಪ್ಪೆಮರಿ ಕಲಿತ ಹಾಗೆ ಕಲಿತಳು. ನನಗೆ ಬಂದದ್ದು ಒಂದೇ ವಿದ್ಯೆ, ಅಂಗಾತ ಮಲಗಿ ತೇಲುವುದು. ಹೊಟ್ಟೆ ಮೇಲೆತ್ತಿ, ಕಿವಿ ನೀರಲ್ಲಿಟ್ಟು, ಆಕಾಶ ನೋಡುತ್ತ ಉಸಿರಾಡುವುದು. "ಅಮ್ಮಂಗೆ ನೀರಲ್ಲೂ ಮಲಗೋದೇ ಕೆಲಸ" ಎಂದು ಮಗಳು ಮನೆಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಆ ದಸರಾಕ್ಕೆ ನಾನೂ ಅವಳ ಜೊತೆ ತವರಿಗೆ ಹೋದೆ. ಬಕೆಟ್ಟಿನ ಗಂಗಮ್ಮನ ಕತೆ ಹೇಳಿ ಎಲ್ಲರನ್ನೂ ನಗಿಸಿದೆ. ಆಯುಧಪೂಜೆಯ ದಿನ ಅಣ್ಣ ಟ್ರಾಕ್ಟರು, ಕುರಿ ಉಣ್ಣೆ ಕತ್ತರಿಸುವ ಕತ್ತರಿ, ಪಂಪ್‌ಸೆಟ್ ಎಲ್ಲಕ್ಕೂ ಪೂಜೆ ಮಾಡಿದ. ಹೊಂಡದ ಗಂಗಮ್ಮನಿಗೂ ಅರಿಶಿನ ಕುಂಕುಮ ಇಟ್ಟು ಬರುತ್ತೇನೆಂದು ನಾನು ತಟ್ಟೆ ಹಿಡಿದು ಹೊರಟೆ. ಮಗಳನ್ನೂ ಅಣ್ಣನ ಮಕ್ಕಳನ್ನೂ, "ಇಲ್ಲೇ ನಿಲ್ರಿ, ಒಂದೆಜ್ಜೆ ಒಳಗೆ ಬಂದ್ರೆ ಕಾಲು ಮುರೀತೀನಿ" ಎಂದು ಬೇಲಿಯ ಹೊರಗೆ ನಿಲ್ಲಿಸಿ, ಗೇಟು ತೆಗೆದು, ಅಂಚಿನಲ್ಲಿ ಬಗ್ಗಿದೆ.

ಜಾರಿದ್ದು ಗೊತ್ತೇ ಆಗಲಿಲ್ಲ. ತಟ್ಟೆ ಒಂದು ಕಡೆ, ನಾನೊಂದು ಕಡೆ. ಮೂಗು ಬಾಯಿಗೆಲ್ಲ ನೀರು ನುಗ್ಗಿತು. ಕೈಗೆ ಹಾಳೆ ಸಿಕ್ಕುತ್ತದೆ, ಹಿಡಿತ ಸಿಕ್ಕುವುದಿಲ್ಲ. ಕಾಲಿಗೆ ಸೀರೆ ಸುತ್ತಿಕೊಂಡಿತು. ಸತ್ತೆ ಎಂದುಕೊಂಡೆ. ಅಷ್ಟರಲ್ಲಿ ಮೇಲಿನಿಂದ ಮಗಳ ದನಿ ಕೇಳಿಸಿತು.

"ಅಮ್ಮಾ, ಕೈ ಬಡೀಬೇಡ! ಮಲ್ಕೊ! ಆಕಾಶ ನೋಡು!"

ಮಲಗಿದೆ. ಹೊಟ್ಟೆ ಮೇಲೆತ್ತಿದೆ, ಕಿವಿ ನೀರಿಗಿಟ್ಟೆ. ನೀರು ನನ್ನನ್ನು ಎತ್ತಿಕೊಂಡಿತು. ಮೇಲೆ ಒಂದು ಹದ್ದು ಸುತ್ತುತ್ತಿತ್ತು, ಅದನ್ನೇ ನೋಡುತ್ತ ಉಸಿರಾಡಿದೆ. ಮಗಳು ನೀರಿಗೆ ಧುಮುಕಲಿಲ್ಲ. ಮುಳುಗುವವರ ಹತ್ತಿರ ಹೋಗಬಾರದು, ಏನಾದರೂ ಎಸೆಯಬೇಕು ಎಂದು ಮೇಡಂ ಕಲಿಸಿದ್ದನ್ನು ಮರೆತಿರಲಿಲ್ಲ. ಅಣ್ಣನನ್ನು ಕರೆಯಲು ಅವನ ಮಕ್ಕಳನ್ನು ಓಡಿಸಿ, ಕುರಿ ಕಟ್ಟುವ ಉದ್ದ ಹಗ್ಗ ತಂದು ಒಂದು ತುದಿಯನ್ನು ಬೇಲಿಯ ಕಂಬಕ್ಕೆ ಕಟ್ಟಿ ಇನ್ನೊಂದನ್ನು ನನ್ನ ಕಡೆಗೆ ಎಸೆದಳು. ಅದನ್ನು ಹಿಡಿದುಕೊಂಡು ತೇಲುತ್ತಿದ್ದ ನನ್ನನ್ನು ಅಣ್ಣ ಬಂದು ಎಳೆದು ಹಾಕಿದ.

"ಲೇ, ನಿನಗೇನು ಬುದ್ಧಿಗಿದ್ಧಿ ಐತೇನಲೇ?" ಎಂದು ಬೈದು, ಅಲ್ಲೇ ಮಣ್ಣಲ್ಲಿ ಕುಸಿದು ಕುಳಿತು ಅತ್ತುಬಿಟ್ಟ. ನಾನು ಮಗಳನ್ನು ಅಪ್ಪಿಕೊಂಡು ನಗುತ್ತಿದ್ದೆನೋ ಅಳುತ್ತಿದ್ದೆನೋ ತಿಳಿಯದು. ಇಷ್ಟು ವರ್ಷ ಅವಳು ಬೀಳುತ್ತಾಳೆಂದು ನಿದ್ದೆಗೆಟ್ಟವಳು ನಾನು. ಬಿದ್ದವಳೂ ನಾನೇ.

ನಮ್ಮಮ್ಮ ನನಗೆ ಕಂಬಳಿ ಹೊದಿಸಿ, ಒಲೆಯ ಮುಂದೆ ಕೂರಿಸಿ ತಲೆ ಒರೆಸಿದಳು. ಹೊರಡುವ ದಿನ ಅರಿಶಿನ ಕುಂಕುಮದ ಪೊಟ್ಟಣ ತಂದು ಕೈಗಿಟ್ಟಳು.

"ನಿಮ್ಮೂರ ಆ ಗಂಗಮ್ಮಂಗೆ ನನ್ನ ಹೆಸ್ರು ಹೇಳಿ ಹಚ್ಚು. ಬಕೀಟಿಗೇ ಹಚ್ಚು, ಅಂಚಿಗೆ ಹೋಗ್ಬೇಡ."

ಆಮೇಲೆ ಅಣ್ಣನ ಇಬ್ಬರು ಹೆಣ್ಣುಮಕ್ಕಳನ್ನು ಬೆನ್ನಿಗೆ ಕೈಯಿಟ್ಟು ನನ್ನ ಕಡೆಗೆ ತಳ್ಳಿದಳು.

"ಬ್ಯಾಸಿಗೆ ರಜಕ್ಕೆ ಇವ್ರನ್ನೂ ಕರ್ಕಂಡು ಹೋಗು. ರೊಟ್ಟಿ ಆಮೇಲೆ ತಟ್ಟಿದ್ರಾತು."