ಮೇಲಿನ ಮನೆಯ ಅಣಕು ರೋಗಿ

ಅತ್ತಾವರದ ಆಸ್ಪತ್ರೆಯೊಂದರ ಎಮರ್ಜೆನ್ಸಿ ವಿಭಾಗದಲ್ಲಿ ನಾನು ನರ್ಸು. ಕಳೆದ ವರ್ಷ ನಮಗೆ ಹೊಸ ಬಗೆಯ ಅಣಕು ಕಾರ್ಯಾಚರಣೆಯೊಂದು ಬಂತು. ವಿಕಿರಣ ವಸ್ತು ಸಾಗಿಸುವ ಲಾರಿ ಹೆದ್ದಾರಿಯಲ್ಲಿ ಮಗುಚಿ, ಅದರ ಧೂಳು ಮೈಗಂಟಿದವರನ್ನು ಕರೆತಂದರೆ ಏನು ಮಾಡಬೇಕು ಎಂಬ ತಾಲೀಮು. ರೋಗಿಗಳಾಗಲು ಹೊರಗಿನವರೂ ಬೇಕಿತ್ತು. ಬಿಕರ್ನಕಟ್ಟೆಯಲ್ಲಿ ನಮ್ಮ ಮೇಲಿನ ಮನೆಯ ಬ್ಯಾರಿ ಅಕ್ಕನನ್ನು ಕೇಳಿದೆ. ನನ್ನನ್ನು ಅವರು ಕರೆಯುವುದು ಬಾಯಮ್ಮ ಎಂದೇ.

"ನಾನು ಎಂತ ಮಾಡ್ಬೇಕು ಬಾಯಮ್ಮ?"

"ಎಂತ ಇಲ್ಲ ಅಕ್ಕ. ಪ್ರಜ್ಞೆ ತಪ್ಪಿದ ಹಾಗೆ ಮಲಗಿದ್ರೆ ಆಯ್ತು."

"ಅಷ್ಟೇಯಾ? ಊಟ ಆದ ಮೇಲೆ ದಿನಾ ಅದನ್ನೇ ಮಾಡುವುದು ನಾನು."

ತಾಲೀಮಿನ ದಿನ ಬೆಳಿಗ್ಗೆ ಆಸ್ಪತ್ರೆಯ ಪಾರ್ಕಿಂಗ್ ಜಾಗದಲ್ಲಿ ಡೇರೆ ಹಾಕಿದ್ದರು. ಅಕ್ಕನ ಬುರ್ಖಾದ ಮೇಲೆ ವಿಕಿರಣ ಧೂಳಿನ ಬದಲು ಒಂದು ಪುಡಿ ಉದುರಿಸಿದೆವು. ನೇರಳೆ ದೀಪ ಹಿಡಿದರೆ ಅದು ಹಸಿರಾಗಿ ಹೊಳೆಯುತ್ತದೆ. ಎಲ್ಲಿ ಉಳಿದಿದೆ ಎಂದು ತಿಳಿಯಲು ಅದೇ ಗುರುತು. ನಾವು ಗೌನು, ಮಾಸ್ಕು, ಎರಡೆರಡು ಗ್ಲೌಸು ತೊಟ್ಟು ಸಿದ್ಧರಾಗಿದ್ದೆವು. ಅಕ್ಕ ಸ್ಟ್ರೆಚರಿನ ಮೇಲೆ ಬಹಳ ಚೆನ್ನಾಗಿ ಪ್ರಜ್ಞೆ ತಪ್ಪಿದ್ದರು. ನನ್ನ ಸಹೋದ್ಯೋಗಿ ಬಟ್ಟೆ ಬಿಡಿಸಲು ಕತ್ತರಿ ಹಿಡಿದು ಬಾಗಿದನು.

"ಕತ್ತರಿ ಆಚೆ ಇಡಿ ಮಾರಾಯ್ರೆ! ಹೊಸ ಬುರ್ಖಾ ಇದು!"

ತರಬೇತಿ ಕೊಡಲು ಬಂದಿದ್ದ ಡಾಕ್ಟರು ಮೆಲ್ಲನೆ ಹೇಳಿದರು, "ಅಕ್ಕ, ನಿಮಗೆ ಪ್ರಜ್ಞೆ ಇಲ್ಲ."

"ಈಗ ಬಂತು."

ಡೇರೆಯಿಡೀ ನಕ್ಕಿತು. ಅಕ್ಕ ಮಾತ್ರ ನಗಲಿಲ್ಲ. ಎದ್ದು ಕೂತು ಸುತ್ತ ನೋಡಿದರು. ಡೇರೆಯ ಬಾಗಿಲು ತೆರೆದೇ ಇತ್ತು. ಹೊರಗೆ ಸೆಕ್ಯುರಿಟಿಯವರು, ಮೊಬೈಲ್ ಎತ್ತಿ ಹಿಡಿದ ನಾಲ್ಕಾರು ಮಂದಿ.

"ಡಾಕ್ಟ್ರೇ, ಇದು ನಿಜ ಆಗಿದ್ರೆ ನಾನು ಇಲ್ಲಿ ನಿಲ್ತಿರ್ಲಿಲ್ಲ. ರಿಕ್ಷಾ ಹತ್ತಿ ಮನೆಗೆ ಹೋಗ್ತಿದ್ದೆ, ಈ ಹುಡಿ ಸಮೇತ."

ಡಾಕ್ಟರು ತೆರೆದ ಬಾಗಿಲಿನತ್ತ ತಿರುಗಿ ನೋಡಿದರು. ಆ ಧೂಳು ಮನೆ ಸೇರಿದರೆ ಮಕ್ಕಳ ಕೈಗೆ, ಬಾಯಿಗೆ ಹೋಗುತ್ತದೆ. ವಾರವಿಡೀ ನಾನು, ಧೂಳು ಹಾರದ ಹಾಗೆ ಬಟ್ಟೆಯನ್ನು ಒಳಮಗ್ಗುಲು ಹೊರಬರುವಂತೆ ಸುರುಳಿ ಸುತ್ತುವುದನ್ನು ಕಲಿತಿದ್ದೆ. ಆದರೆ ಅಷ್ಟು ಜನರ ಎದುರು ನಾನಾದರೂ ನನ್ನ ಬಟ್ಟೆ ತೆಗೆಯುತ್ತಿದ್ದೆನೇ? ಖಂಡಿತ ಇಲ್ಲ.

ಊಟದ ನಂತರ ಮತ್ತೆ ಶುರು ಮಾಡಿದೆವು. ಡೇರೆಯ ನಡುವೆ ಬೆಡ್‌ಶೀಟು ಕಟ್ಟಿ ಹೆಂಗಸರಿಗೆ ಬೇರೆ ಕಡೆ ಮಾಡಿದರು. ಅಲ್ಲಿ ನಾವು ಹೆಂಗಸರೇ. ಈ ಸಲ ಅಕ್ಕ ಎಚ್ಚರವಿರುವ ರೋಗಿ. ಒಂದೊಂದು ಕೆಲಸಕ್ಕೂ ಮುಂಚೆ ಏನು, ಯಾಕೆ ಎಂದು ಹೇಳುತ್ತ ಬುರ್ಖಾ, ಶಾಲು ಸುತ್ತಿ ತೆಗೆದು ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಒಳಗೆ ಚೂಡಿದಾರ ಇತ್ತು. ದೀಪ ಹಿಡಿದಾಗ ಚೀಲ ಹಸಿರೋ ಹಸಿರು, ಅಕ್ಕನ ಮೈಯಲ್ಲಿ ಮಣಿಕಟ್ಟು ಮತ್ತು ಕಿವಿಯ ಹಿಂದೆ ಮಾತ್ರ ಚೂರು.

"ಬಟ್ಟೆ ತೆಗೆದದ್ದಕ್ಕೇ ಇಷ್ಟು ಹೋಯ್ತಾ?"

"ಹೆಚ್ಚಿನದ್ದು ಅದರಲ್ಲೇ ಹೋಗ್ತದೆ ಅಕ್ಕ. ಉಳಿದದ್ದಕ್ಕೆ ಸಾಬೂನು, ಉಗುರು ಬೆಚ್ಚಗಿನ ನೀರು. ಗಸಗಸ ಉಜ್ಜಬಾರದು."

ಸಂಜೆ ಒಟ್ಟಿಗೆ ರಿಕ್ಷಾದಲ್ಲಿ ಹೊರಟೆವು. ಅಕ್ಕ ಕೇಳಿದರು, "ನಿಜವಾಗಿ ಬಂದ್ರೆ ನಿಮಗೆ ಹೆದರಿಕೆ ಆಗುವುದಿಲ್ವಾ?"

"ಆಗ್ತದೆ. ಆದ್ರೆ ರಕ್ತ ಸುರಿಯುವವರಿಗೆ ಮೊದಲು ಅದನ್ನು ನಿಲ್ಲಿಸ್ಬೇಕು, ಧೂಳು ಆಮೇಲೆ. ಹೆದರಿ ದೂರ ನಿಂತ್ರೆ ಅವರು ಗಾಯದಲ್ಲೇ ಸಾಯ್ತಾರೆ. ಗ್ಲೌಸು, ಮಾಸ್ಕು ಸರಿ ಹಾಕಿದ್ರೆ ನಮಗೆ ಅಪಾಯ ಕಡಿಮೆ."

ಅಕ್ಕ ನನ್ನ ಕೈ ಹಿಡಿದು ಒಮ್ಮೆ ಒತ್ತಿದರು. ಆಮೇಲೆ ರಿಕ್ಷಾದವರತ್ತ ಬಾಗಿ, ಐಸ್‌ಕ್ರೀಮ್ ಅಂಗಡಿಯ ಹತ್ತಿರ ಸ್ವಲ್ಪ ನಿಲ್ಲಿಸಲು ಹೇಳಿದರು.